ಎನ್-ಕಿರಣಗಳ ಪ್ರಕರಣ: ಶಾಸ್ತ್ರ ಮತ್ತು ಶಾಸ್ತ್ರಾಭಾಸಗಳ ವಿವೇಚನೆ

ಭೌತವಿಜ್ಞಾನದಲ್ಲಿ ಇದುವರೆಗೆ ಯಾರೂ ಕಾಣದ ತತ್ತ್ವವೊಂದನ್ನು ತಾವು ಕಂಡಿರುವೆವೆಂದು ಸಾರುವವರು ಎಲ್ಲ ಕಾಲಗಳಲ್ಲಿಯೂ ಇದ್ದಾರೆ. ಸಾಪೇಕ್ಷವಾದವನ್ನು ನಾಲ್ಕಾರು ಪುಟಗಳಲ್ಲಿ ಖಂಡಿಸುವ ಪುಸ್ತಿಕೆಗಳು, ಇಂಧನದ ನೆರವಿಲ್ಲದೆ ತಿರುಗುತ್ತಲೇ ಇರುವ ಯಂತ್ರಗಳ ವಿವರಣೆಗಳು, ಗುರುತ್ವಾಕರ್ಷಣೆಗೆ ಹೊಸ ಕಾರಣವನ್ನು ಸೂಚಿಸುವ ಪತ್ರಗಳು ಕಾಲೇಜುಗಳ ಅಧ್ಯಾಪಕರಿಗೆ ಆಗಾಗ ಬರುವುದುಂಟು. ಇವನ್ನು ಓದದೆ ಬದಿಗಿಡುವುದು ಸುಲಭ. ಆದರೆ, ಇದನ್ನು ಏಕೆ ನಂಬಬಾರದೆಂದು ವಿದ್ಯಾರ್ಥಿಯೊಬ್ಬನು ಕೇಳಿದಾಗ ನಾವು ಕೊಡುವ ಉತ್ತರಗಳು ಯಾವುವು? ಬರೆದವನು ವಿದ್ವಾಂಸನಲ್ಲ ಎನ್ನುತ್ತೇವೆ. ಹೇಳಿದ ಸಂಗತಿ ವಿಲಕ್ಷಣವಾಗಿದೆ ಎನ್ನುತ್ತೇವೆ. ಮಾನ್ಯವಾದ ಯಾವ ಪತ್ರಿಕೆಯೂ ಇದನ್ನು ಪ್ರಕಟಿಸಿಲ್ಲ ಎನ್ನುತ್ತೇವೆ. ಈ ಮೂರು ಉತ್ತರಗಳೂ ಸಾಲವೆಂಬುದಕ್ಕೆ ಇಪ್ಪತ್ತನೆಯ ಶತಮಾನದ ಆದಿಯಲ್ಲಿಯೇ ಒಂದು ನಿದರ್ಶನ ದೊರೆಯುತ್ತದೆ. ಅಲ್ಲಿ ಹೇಳಿದವರು ಹೆಸರಾಂತ ಪ್ರಾಧ್ಯಾಪಕರು. ಹೇಳಿದ ಸಂಗತಿ ಆ ಕಾಲಕ್ಕೆ ವಿಲಕ್ಷಣವಾದುದಲ್ಲ. ಪ್ರಕಟಿಸಿದ್ದು ಫ್ರಾನ್ಸಿನ ವಿಜ್ಞಾನ ಅಕಾಡೆಮಿಯ ನಡವಳಿಕೆಗಳು. ಆದರೂ ಅವರು ಕಂಡೆನೆಂದ ವಸ್ತು ಇರಲೇ ಇಲ್ಲ.

ಇತಿಹಾಸದ ಅಧ್ಯಾಪಕನಿಗೆ ಈ ವಿಚಾರದಲ್ಲಿ ಮಾತನಾಡಲು ಏನು ಅಧಿಕಾರವೆಂದು ಕೇಳಬಹುದು. ನಮ್ಮ ನಾಡಿನ ಇತಿಹಾಸವನ್ನು ಓದಿದವರಿಗೆ ಕೂಟಶಾಸನಗಳ ಸಮಸ್ಯೆ ಹೊಸದಲ್ಲ. ತಲಕಾಡಿನ ಗಂಗರ ತಾಮ್ರಪಟಗಳಲ್ಲಿ ಎಷ್ಟು ನಿಜವಾದವು, ಎಷ್ಟು ತರುವಾಯ ಹುಟ್ಟಿಸಿದವು ಎಂಬುದನ್ನು ಕುರಿತು ಫ್ಲೀಟ್ ಮತ್ತು ರೈಸ್ ಮಹಾಶಯರು ದೀರ್ಘಕಾಲ ವಾದಿಸಿದರು. ಫ್ಲೀಟರ ತೀರ್ಪುಗಳಲ್ಲಿ ಕೆಲವನ್ನು ಅನಂತರದ ವಿದ್ವಾಂಸರು ತಿದ್ದಿದ್ದಾರೆ. ಆದರೆ ಅವರು ಕೇಳಿದ ಪ್ರಶ್ನೆಗಳನ್ನು ಯಾರೂ ಕೈಬಿಟ್ಟಿಲ್ಲ. ಲಿಪಿ ಹೇಳಿಕೊಂಡ ಕಾಲಕ್ಕೆ ಒಪ್ಪುತ್ತದೆಯೆ? ತಿಥಿವಾರಗಳು ಗಣಿತಕ್ಕೆ ಹೊಂದುತ್ತವೆಯೆ? ಈ ಪಟದೊಡನೆ ಸಂಬಂಧವಿಲ್ಲದ ಬೇರೊಂದು ಸಾಕ್ಷ್ಯ ಇದನ್ನು ಸಮರ್ಥಿಸುತ್ತದೆಯೆ? ಸಾಕ್ಷ್ಯದ ಪರೀಕ್ಷೆ ನಮ್ಮ ವೃತ್ತಿಯ ನಿತ್ಯಕರ್ಮ. ಪ್ರಯೋಗಶಾಲೆಯ ವರದಿಯೂ ಒಂದು ಸಾಕ್ಷ್ಯವೇ ಆದ್ದರಿಂದ ಅದನ್ನು ಈ ರೀತಿಯಿಂದ ಪರಿಶೀಲಿಸುವುದು ಅನಧಿಕಾರವಾಗಲಾರದು.

ರೆನೆ ಬ್ಲೊಂಡ್ಲೊ ಅವರು ಹುಟ್ಟಿದ್ದು 1849ರಲ್ಲಿ, ಫ್ರಾನ್ಸಿನ ಪೂರ್ವಭಾಗದ ನಾನ್ಸಿ ನಗರದಲ್ಲಿ. ಅಲ್ಲಿಯ ವಿಶ್ವವಿದ್ಯಾಲಯದಲ್ಲಿಯೇ ಅವರು ಭೌತವಿಜ್ಞಾನದ ಪ್ರಾಧ್ಯಾಪಕರಾಗಿದ್ದರು. ವಿದ್ಯುತ್ಕಾಂತ ತರಂಗಗಳು ಬೆಳಕಿಗೆ ಸಮನಾದ ವೇಗದಿಂದ ಸಾಗುತ್ತವೆಂಬುದನ್ನು 1890ರ ದಶಕದ ಆದಿಯಲ್ಲಿ ಅಳೆದು ತೋರಿಸಿದವರಲ್ಲಿ ಅವರೊಬ್ಬರು. ಆ ಕೆಲಸದ ಗೌರವ ಇಂದಿಗೂ ಕುಗ್ಗಿಲ್ಲ. 1895ರ ಕೊನೆಯಲ್ಲಿ ರಂಟ್ಗೆನ್ ಅವರು ಕ್ಷ-ಕಿರಣಗಳನ್ನು ಪ್ರಕಟಿಸಿದರು. 1896ರಲ್ಲಿ ಹೆನ್ರಿ ಬೆಕೆರೆಲ್ ಅವರು ಯುರೇನಿಯಮಿನ ಕಿರಣಗಳನ್ನು ಕಂಡರು. ಅದೃಶ್ಯ ಕಿರಣಗಳ ಸುದ್ದಿ ಹೀಗೆ ಒಂದರ ಹಿಂದೊಂದು ಬರುತ್ತಿದ್ದಾಗ ಮತ್ತೊಂದು ಹೊಸ ಕಿರಣವನ್ನು ಕಂಡೆನೆಂದವರನ್ನು ಯಾರೂ ಹುಚ್ಚರೆಂದು ಭಾವಿಸುತ್ತಿರಲಿಲ್ಲ. ಸಂಗತಿಯ ವೈಲಕ್ಷಣ್ಯ ಅದರ ಸುಳ್ಳಿನ ಗುರುತಾಗುವುದಾದರೆ ಕ್ಷ-ಕಿರಣಗಳನ್ನು ಮೊದಲು ತಳ್ಳಿಹಾಕಬೇಕಾಗಿತ್ತು. ಮುಚ್ಚಿದ ಕೈಯೊಳಗಿನ ಎಲುಬನ್ನು ತೋರಿಸುವ ಬೆಳಕಿಗಿಂತ ವಿಲಕ್ಷಣವಾದುದು ಏನಿತ್ತು?

ಬ್ಲೊಂಡ್ಲೊ ಅವರು ಕ್ಷ-ಕಿರಣಗಳ ಧ್ರುವೀಕರಣವನ್ನು ಪರೀಕ್ಷಿಸುತ್ತಿದ್ದರು. ಕಿರಣದ ದಾರಿಯಲ್ಲಿ ಒಂದು ಸಣ್ಣ ವಿದ್ಯುತ್ ಕಿಡಿಯನ್ನಿರಿಸಿ, ಅದರ ಹೊಳಪು ಹೆಚ್ಚುವುದನ್ನು ಕಣ್ಣಿನಿಂದ ನೋಡುವುದು ಅವರ ಕ್ರಮ. ಹೊಳಪನ್ನು ಹೆಚ್ಚಿಸುವ ಆ ಕಿರಣ ಬೆಣಚುಕಲ್ಲಿನ ಅಶ್ರಗದಲ್ಲಿ ಬಾಗುವಂತೆ ಅವರಿಗೆ ತೋರಿತು. ಕ್ಷ-ಕಿರಣಗಳು ಹಾಗೆ ಬಾಗುವುದಿಲ್ಲವೆಂದು ಆಗ ತಿಳಿದಿತ್ತು. ಆದುದರಿಂದ ಇದು ಬೇರೆಯದೇ ಬೆಳಕೆಂದು ನಿರ್ಣಯಿಸಿ 1903ರ ಮಾರ್ಚ್ 23ರಂದು ಅಕಾಡೆಮಿಗೆ ವರದಿಯನ್ನೊಪ್ಪಿಸಿದರು. ಕೆಲವು ವಾರಗಳ ಮೇಲೆ ತಮ್ಮ ಊರಿನ ಮೊದಲ ಅಕ್ಷರವನ್ನು ತೆಗೆದುಕೊಂಡು ಎನ್-ಕಿರಣಗಳೆಂಬ ಹೆಸರನ್ನಿಟ್ಟರು. ಮ್ಯಾಂಟಲ್ ಉಳ್ಳ ಗ್ಯಾಸ್ ದೀಪದಿಂದ, ಸೂರ್ಯನಿಂದ, ಹದವಿಟ್ಟ ಉಕ್ಕಿನಿಂದ ಅವು ಹೊರಡುವಂತೆ ಕಂಡಿತು. ಮರ, ಕಪ್ಪು ಕಾಗದ, ಅಲ್ಯುಮಿನಿಯಮ್ ತಗಡು ಇವುಗಳನ್ನು ಅವು ತೂರಿಹೋಗುತ್ತಿದ್ದವಂತೆ. ನೀರಿನಲ್ಲಿ ನೆನೆಸಿದ ಕಾಗದ ಅವನ್ನು ತಡೆಯುತ್ತಿತ್ತಂತೆ. ವರ್ಷ ಮುಗಿಯುವ ಹೊತ್ತಿಗೆ ಅದೇ ನಗರದ ವೈದ್ಯಕೀಯ ವಿಭಾಗದ ಶಾರ್ಪಾಂತಿಯೆ ಅವರು ಮನುಷ್ಯನ ನರಗಳಿಂದಲೂ ಸ್ನಾಯುಗಳಿಂದಲೂ ಈ ಕಿರಣಗಳು ಹೊರಡುತ್ತವೆಂದು ಸಾರಿದರು. ಕ್ಲೋರೋಫಾರಮ್ ಕೊಟ್ಟರೆ ಲೋಹವೂ ಎಚ್ಚರದಪ್ಪಿ ಕಿರಣಗಳನ್ನು ಸೂಸುವುದನ್ನು ನಿಲ್ಲಿಸುತ್ತದೆಂದು ಬೆಕೆರೆಲ್ ಅವರ ಮಗ ಜಾನ್ ಬೆಕೆರೆಲ್ ಅವರು ಬರೆದರು. ನಾಲ್ಕು ವರ್ಷಗಳೊಳಗೆ ಈ ವಿಷಯವಾಗಿ ಸುಮಾರು ಮುನ್ನೂರು ಲೇಖನಗಳು ಪ್ರಕಟವಾದವು. ಅವನ್ನು ಬರೆದವರ ಸಂಖ್ಯೆ ನೂರರಷ್ಟು. ಮೊದಲು ಕಂಡವರು ತಾವೇ ಎಂಬ ವ್ಯಾಜ್ಯಗಳೂ ಹುಟ್ಟಿದವು. ಇಲ್ಲದ ವಸ್ತುವಿಗೆ ಹಕ್ಕುದಾರರು ಹಲವರು!

ಆದರೆ ಫ್ರಾನ್ಸಿನ ಹೊರಗೆ ಪರಿಸ್ಥಿತಿ ಬೇರೆಯಾಗಿತ್ತು. ಇಂಗ್ಲೆಂಡಿನಲ್ಲಿ ಕೆಲ್ವಿನ್ ಮತ್ತು ಕ್ರುಕ್ಸ್, ಜರ್ಮನಿಯಲ್ಲಿ ರೂಬೆನ್ಸ್ ಮತ್ತು ಲುಮ್ಮರ್ ಇಂತಹ ನಿಪುಣರು ಎಷ್ಟು ಯತ್ನಿಸಿದರೂ ಏನನ್ನೂ ಕಾಣಲಿಲ್ಲ. ಲುಮ್ಮರ್ ಅವರು 1903ರಲ್ಲಿಯೇ ಕಾರಣವನ್ನು ಊಹಿಸಿದ್ದರು. ಕತ್ತಲೆಗೆ ಹೊಂದಿಕೊಂಡ ಕಣ್ಣು ಮಸುಕಾದ ವಸ್ತುವನ್ನು ನೇರವಾಗಿ ದಿಟ್ಟಿಸಿದರೆ ಅದು ಮಂಕಾಗಿಯೂ, ಓರೆಯಾಗಿ ನೋಡಿದರೆ ಹೊಳಪಾಗಿಯೂ ಕಾಣುತ್ತದೆ. ಅಕ್ಷಿಪಟದ ನಡುವಿನ ಭಾಗಕ್ಕೂ ಅಂಚಿನ ಭಾಗಕ್ಕೂ ಇರುವ ಭೇದವೇ ಇದಕ್ಕೆ ಹೇತು. ನಕ್ಷತ್ರಗಳನ್ನು ನೋಡಿ ಅಭ್ಯಾಸವಿದ್ದವರೆಲ್ಲರಿಗೂ ಇದು ತಿಳಿದಿರುವ ಸಂಗತಿ. ಇನ್ನು ಬ್ಲೊಂಡ್ಲೊ ಅವರು ತಮ್ಮ ಓದುಗರಿಗೆ ಕೊಟ್ಟ ಸೂಚನೆಗಳನ್ನು ನೋಡಿ. ಕಣ್ಣನ್ನು ಬಲವಂತಪಡಿಸಬಾರದು, ತೆರೆಯನ್ನು ದಿಟ್ಟಿಸಬಾರದು, ವರ್ಣಚಿತ್ರಕಾರನು ದೃಶ್ಯವನ್ನು ಒಟ್ಟಾಗಿ ನೋಡುವಂತೆ ನೋಡಬೇಕು, ಕೆಲವರಿಗೆ ಕೂಡಲೇ ಕಾಣುವುದು, ಕೆಲವರಿಗೆ ಅಭ್ಯಾಸದಿಂದ ಕಾಣುವುದು, ಇನ್ನು ಕೆಲವರಿಗೆ ಕಾಣಲಾರದು. ಈ ಉಪದೇಶವನ್ನು ಪಾಲಿಸಿದವನಿಗೆ ಕಿರಣವಿದ್ದರೂ ಇಲ್ಲದಿದ್ದರೂ ಹೊಳಪಿನ ಏರಿಳಿತ ಕಂಡೇ ತೀರುತ್ತದೆ. 1905ರಲ್ಲಿ ಅವರ ಲೇಖನಗಳು ಇಂಗ್ಲಿಷಿನಲ್ಲಿ ಪುಸ್ತಕವಾಗಿ ಬಂದಾಗ ಓದುಗರು ತಾವೇ ಪರೀಕ್ಷಿಸಿಕೊಳ್ಳಲೆಂದು ಕತ್ತಲಲ್ಲಿ ಮಿನುಗುವ ತೆರೆಯೊಂದನ್ನೂ ಅದರೊಡನೆ ಕೊಟ್ಟಿದ್ದರು. ಅವರ ಪ್ರಾಮಾಣಿಕತೆಗೆ ಇದಕ್ಕಿಂತ ಬೇರೆ ಪುರಾವೆ ಬೇಕಿಲ್ಲ. ವಂಚಕನು ಉಪಕರಣವನ್ನು ಬಚ್ಚಿಡುತ್ತಾನೆ, ಅವರು ಹಂಚಿದರು.

1904ರ ಬೇಸಗೆಯಲ್ಲಿ ಕೇಂಬ್ರಿಜಿನಲ್ಲಿ ನಡೆದ ಬ್ರಿಟಿಷ್ ಅಸೋಸಿಯೇಷನ್ನಿನ ಅಧಿವೇಶನಕ್ಕೆ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ರಾಬರ್ಟ್ ವಿಲಿಯಮ್ಸ್ ವುಡ್ ಅವರು ಬಂದಿದ್ದರು. ಬೆಳಕಿನ ಶಾಸ್ತ್ರದಲ್ಲಿ ಅವರಿಗೆ ಸಮನಾದ ಪ್ರಯೋಗಪಟುಗಳು ವಿರಳ. ರೂಬೆನ್ಸರ ಪ್ರೇರಣೆಯಿಂದ ಅವರು ನಾನ್ಸಿಗೆ ಹೋಗಿ ಮೂರು ಗಂಟೆಗೂ ಹೆಚ್ಚು ಕಾಲ ಪ್ರಯೋಗಗಳನ್ನು ನೋಡಿದರು. ತಾವು ಕಂಡದ್ದನ್ನು ಪತ್ರರೂಪದಲ್ಲಿ ಬರೆದು 'ನೇಚರ್' ಪತ್ರಿಕೆಗೆ ಕಳುಹಿಸಿದರು; ಅದು ಸೆಪ್ಟೆಂಬರ್ 29ರ ಸಂಚಿಕೆಯಲ್ಲಿ ಅಚ್ಚಾಯಿತು. ಪ್ರಯೋಗಶಾಲೆಯ ಹೆಸರನ್ನಾಗಲಿ ಪ್ರಾಧ್ಯಾಪಕರ ಹೆಸರನ್ನಾಗಲಿ ಅವರು ಅದರಲ್ಲಿ ಎತ್ತಲಿಲ್ಲ. ಎತ್ತುವ ಅಗತ್ಯವೂ ಇರಲಿಲ್ಲ.

ಆ ಪತ್ರದಲ್ಲಿರುವ ಸಂಗತಿಗಳು ಇವು. ಕಿರಣದ ದಾರಿಗೆ ತಾವು ಕೈಯನ್ನು ಅಡ್ಡವಾಗಿ ಹಿಡಿದ ಕ್ಷಣಗಳನ್ನು ತೆರೆಯ ಹೊಳಪನ್ನು ಮಾತ್ರ ನೋಡಿ ಹೇಳಬೇಕೆಂದು ವುಡ್ ಕೇಳಿದರು. ಒಮ್ಮೆಯೂ ಸರಿಯಾದ ಉತ್ತರ ಬರಲಿಲ್ಲ. ಕೈಯನ್ನು ಅಲ್ಲಾಡಿಸದೆ ಇರಿಸಿದ್ದಾಗಲೂ ತೆರೆ ಬೆಳಗಿತೆಂದೂ ಕಂದಿತೆಂದೂ ವೀಕ್ಷಕರು ಹೇಳುತ್ತಲೇ ಇದ್ದರು. ಬಳಿಕ ಅಲ್ಯುಮಿನಿಯಮಿನ ಅಶ್ರಗದಿಂದ ಕಿರಣಗಳನ್ನು ಹರಡಿ, ಅವುಗಳ ರೋಹಿತದಲ್ಲಿ ಯಾವ ಯಾವ ಸ್ಥಾನದಲ್ಲಿ ಹೊಳಪು ಹೆಚ್ಚುತ್ತದೆಂಬುದನ್ನು ಅಳೆದು ತೋರಿಸಲಾಯಿತು. ಮೂರು ಮಿಲಿಮೀಟರ್ ಅಗಲದ ಕಿರಣದಲ್ಲಿ ಮಿಲಿಮೀಟರಿನ ಹತ್ತನೆಯ ಒಂದು ಭಾಗಕ್ಕಿಂತ ಕಿರಿದಾದ ಅಂತರಗಳು ಹೇಗೆ ಬೇರ್ಪಟ್ಟು ಕಾಣಬಲ್ಲವೆಂದು ವುಡ್ ಅವರಿಗೆ ಅರ್ಥವಾಗಲಿಲ್ಲ. ಕತ್ತಲೆಯಲ್ಲಿ ಅವರು ಅಶ್ರಗವನ್ನು ಸದ್ದಿಲ್ಲದೆ ತೆಗೆದುಬಿಟ್ಟರು. ಅಳತೆಗಳು ಮಾತ್ರ ಮೊದಲಿನಂತೆಯೇ ಬರುತ್ತಿದ್ದವು. ಕಣ್ಣಿನ ಬಳಿ ಉಕ್ಕಿನ ಅರವನ್ನು ಹಿಡಿದರೆ ಮಬ್ಬಿನಲ್ಲಿರುವ ಗಡಿಯಾರದ ಮುಖ ಸ್ಪಷ್ಟವಾಗುತ್ತದೆಂದು ಹೇಳಿದಾಗ ಅರದ ಬದಲು ಅದೇ ಆಕಾರದ ಮರದ ತುಂಡನ್ನಿರಿಸಿದರು. ಗಡಿಯಾರ ಹಾಗೆಯೇ ಸ್ಪಷ್ಟವಾಯಿತು. ಕಿಡಿಯ ಛಾಯಾಚಿತ್ರಗಳ ವಿಷಯದಲ್ಲಿಯೂ, ಫಲಕಕ್ಕೆ ಬೆಳಕು ಬೀಳುವ ಕಾಲವನ್ನು ಕೈಯಿಂದ ಬದಲಾಯಿಸುತ್ತಿದ್ದುದರಿಂದ, ನಡೆಸುವವನಿಗೆ ಅರಿವಿಲ್ಲದೆಯೇ ಒಂದು ಕಡೆ ಹೆಚ್ಚು ಕಾಲ ಸಂದಿರಬಹುದೆಂದು ಅವರು ತೋರಿಸಿದರು.

ಇಲ್ಲಿ ಆಕರಗಳನ್ನು ಕುರಿತು ಒಂದು ಮಾತು. ಈ ಭೇಟಿಯ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ವುಡ್ ಅವರ ಜೀವನಚರಿತ್ರೆಯನ್ನು ಅನುಸರಿಸುತ್ತಾರೆ. 1941ರಲ್ಲಿ ಪ್ರಕಟವಾದ ಆ ಗ್ರಂಥದಲ್ಲಿ ಕಥೆಗೆ ರಂಗು ಹೆಚ್ಚಿದೆ. ಮೂವತ್ತೇಳು ವರ್ಷಗಳ ಹಿಂದಿನ ಘಟನೆಯನ್ನು ಗೆದ್ದವರು ನೆನೆದು ಹೇಳಿದ್ದು ಅದು. ಬಹಿರಂಗವಾದ ಅವಮಾನದಿಂದ ಬ್ಲೊಂಡ್ಲೊ ಅವರು ಹುಚ್ಚರಾಗಿ ಸತ್ತರೆಂಬ ಮಾತನ್ನೂ ಕೆಲವರು ಬರೆದಿದ್ದಾರೆ. ಇದು ನಿರಾಧಾರ. ಅವರು 1909ರಲ್ಲಿ ನಿವೃತ್ತರಾಗಿ, 1930ರವರೆಗೆ ಬದುಕಿದ್ದರು. ಶಾಸ್ತ್ರಾಭಾಸವನ್ನು ಖಂಡಿಸುವವರೇ ಕಟ್ಟುಕಥೆಯನ್ನು ನಂಬಿಸುವುದು ಸೋಜಿಗದ ಸಂಗತಿ. 1904ರ ಪತ್ರವೊಂದೇ ನಮ್ಮ ಉದ್ದೇಶಕ್ಕೆ ಸಾಕು.

ಪತ್ರ ಪ್ರಕಟವಾದ ಮೇಲೆ ಫ್ರಾನ್ಸಿನ ಹೊರಗೆ ಎನ್-ಕಿರಣಗಳನ್ನು ನಂಬುವವರು ಉಳಿಯಲಿಲ್ಲ. ಫ್ರಾನ್ಸಿನೊಳಗೆ ಅಷ್ಟು ಬೇಗ ಮುಗಿಯಲಿಲ್ಲ. ಅದೇ ವರ್ಷದ ಡಿಸೆಂಬರಿನಲ್ಲಿ ಅಕಾಡೆಮಿಯು ಬ್ಲೊಂಡ್ಲೊ ಅವರಿಗೆ 50,000 ಫ್ರಾಂಕುಗಳ ಲೆಕೊಂತ್ ಬಹುಮಾನವನ್ನಿತ್ತಿತು. ಆದರೆ ಅದು ಅವರ ಜೀವಮಾನದ ಕಾರ್ಯಗಳೆಲ್ಲಕ್ಕೂ ಸಂದ ಗೌರವವೆಂದು ಜಾಣತನದಿಂದ ಹೇಳಲಾಯಿತು. 1870ರ ಯುದ್ಧದ ತರುವಾಯ ನಾನ್ಸಿ ಜರ್ಮನಿಯ ಗಡಿಯ ನಗರವಾಗಿತ್ತು. ಜರ್ಮನರಿಗೆ ಕಾಣದ್ದು ನಮ್ಮವರಿಗೆ ಕಾಣುತ್ತದೆಂಬ ಅಭಿಮಾನಕ್ಕೆ ಅಲ್ಲಿ ಎಡೆಯಿತ್ತು. ಪ್ಯಾರಿಸಿನ ನೆರಳಿನಲ್ಲಿದ್ದ ಪ್ರಾಂತೀಯ ವಿಶ್ವವಿದ್ಯಾಲಯವೊಂದಕ್ಕೆ ದೊರೆತ ಕೀರ್ತಿಯನ್ನು ಬಿಟ್ಟುಕೊಡುವುದೂ ಸುಲಭವಾಗಿರಲಿಲ್ಲ. ಆದರೂ ಪ್ಯಾರಿಸಿನ 'ರೆವ್ಯೂ ಸಿಯಾಂತಿಫೀಕ್' ಪತ್ರಿಕೆ ಫ್ರೆಂಚ್ ವಿಜ್ಞಾನಿಗಳ ಅಭಿಪ್ರಾಯಗಳನ್ನು ಕೇಳಿ ಪ್ರಕಟಿಸಿತು. ಹಲವರು ಸಂದೇಹವನ್ನು ಮರೆಮಾಚಲಿಲ್ಲ. 1906ರಲ್ಲಿ ಆ ಪತ್ರಿಕೆ ಒಂದು ನಿರ್ಣಾಯಕ ಪರೀಕ್ಷೆಯನ್ನು ಸೂಚಿಸಿತು: ಒಂದೇ ತೂಕದ, ಒಂದೇ ಆಕಾರದ ಮುಚ್ಚಿದ ಪೆಟ್ಟಿಗೆಗಳು, ಒಂದರಲ್ಲಿ ಹದವಿಟ್ಟ ಉಕ್ಕು, ಇನ್ನೊಂದರಲ್ಲಿ ಸೀಸ. ಯಾವುದರಿಂದ ಎನ್-ಕಿರಣಗಳು ಹೊರಡುತ್ತವೆಂದು ಹೇಳಿದರೆ ಸಾಕು. ಬ್ಲೊಂಡ್ಲೊ ಅವರು ಒಪ್ಪಲಿಲ್ಲ. ವಿದ್ಯಮಾನವು ಅಂತಹ ಪರೀಕ್ಷೆಗೆ ಒಗ್ಗದಷ್ಟು ಸೂಕ್ಷ್ಮವಾದುದೆಂದೂ, ಅವರವರು ತಮ್ಮ ಪ್ರಯೋಗಗಳಿಂದಲೋ ತಾವು ನಂಬುವವರ ಪ್ರಯೋಗಗಳಿಂದಲೋ ಅಭಿಪ್ರಾಯಕ್ಕೆ ಬರಲಿ ಎಂದೂ ಉತ್ತರಿಸಿದರು.

ನನ್ನ ದೃಷ್ಟಿಯಲ್ಲಿ ಇಡೀ ಪ್ರಕರಣದ ತಿರುಳು ಈ ಉತ್ತರದಲ್ಲಿದೆ. ಬ್ಲೊಂಡ್ಲೊ ಅವರು ತಪ್ಪಿದರೆಂಬುದು ಮುಖ್ಯವಲ್ಲ, ತಪ್ಪದ ವಿಜ್ಞಾನಿಯಿಲ್ಲ. ತಪ್ಪನ್ನು ತೋರಿಸಿಕೊಡಬಹುದಾದ ಬಾಗಿಲುಗಳೆಲ್ಲವೂ ಅವರ ಪದ್ಧತಿಯಲ್ಲಿ ಮುಚ್ಚಿದ್ದವು. ಕಾಣದವನ ಕಣ್ಣಿಗೆ ಪಳಗು ಸಾಲದು. ಹೊಳಪು ಹೆಚ್ಚುವ ಬದಲು ಕುಗ್ಗಿದರೆ, ಕುಗ್ಗಿಸುವ ಜಾತಿಯ ಕಿರಣಗಳೂ ಉಂಟೆಂದು 1904ರಲ್ಲಿ ಅವಕ್ಕೊಂದು ಹೆಸರನ್ನಿಟ್ಟದ್ದಾಯಿತು. ಅಲೆಯುದ್ದ ಮೊದಲು ಬೆಳಕಿನದಕ್ಕಿಂತ ಬಹಳ ಹೆಚ್ಚೆಂದು ಎಣಿಸಿದ್ದು, ಅನಂತರ ಬಹಳ ಕಡಿಮೆಯೆಂದು ಬದಲಾಯಿತು. ಎನ್-ಕಿರಣಗಳ ಅಸ್ತಿತ್ವಕ್ಕೆ ಇದರಿಂದ ಕುಂದು ಬರಲಿಲ್ಲ. ಏನು ಸಂಭವಿಸಿದರೆ ಎನ್-ಕಿರಣಗಳು ಇಲ್ಲವೆಂದು ಒಪ್ಪುವಿರಿ ಎಂಬ ಪ್ರಶ್ನೆಗೆ ಅಲ್ಲಿ ಉತ್ತರವೇ ಇರಲಿಲ್ಲ. ಪುಸ್ತಿಕೆಯನ್ನು ಕೈಗೆ ತೆಗೆದುಕೊಂಡಾಗ ಮೊದಲು ಕೇಳಬೇಕಾದ ಪ್ರಶ್ನೆ ಇದೇ. ಬರೆದವನ ಪದವಿ, ಭಾಷೆಯ ಬಿರುಸು, ಸಮೀಕರಣಗಳ ಸಂಖ್ಯೆ ಇವೆಲ್ಲ ಆಮೇಲಿನ ಮಾತು.

ಅಮೆರಿಕದ ರಸಾಯನವಿಜ್ಞಾನಿ ಅರ್ವಿಂಗ್ ಲ್ಯಾಂಗ್ಮ್ಯೂರ್ ಅವರು 1953ರಲ್ಲಿ ಮಾಡಿದ ಒಂದು ಭಾಷಣದಲ್ಲಿ ಇಂತಹ ಪ್ರಕರಣಗಳಿಗೆ ರೋಗಗ್ರಸ್ತ ವಿಜ್ಞಾನವೆಂದು ಹೆಸರಿಟ್ಟು ಅದರ ಲಕ್ಷಣಗಳನ್ನು ಪಟ್ಟಿಮಾಡಿದರು. ಆ ಪಟ್ಟಿ ಪ್ರಸಿದ್ಧವಾಗಿದೆ. ಕಷ್ಟದಿಂದ ಮಾತ್ರ ಕಾಣುವಷ್ಟು ಕ್ಷೀಣವಾದ ಪರಿಣಾಮ ಎಂಬುದು ಅದರಲ್ಲಿಯ ಮುಖ್ಯ ಲಕ್ಷಣಗಳಲ್ಲೊಂದು. ಈ ಲಕ್ಷಣವನ್ನು ಅದೊಂದರಿಂದಲೇ ನಿರ್ಣಯಿಸುವಂತೆ ಬಳಸಿದರೆ ನಾವು ಬಹಳ ದೊಡ್ಡ ತಪ್ಪು ಮಾಡುತ್ತೇವೆ. ಅದಕ್ಕೆ ಉದಾಹರಣೆ ನಮ್ಮ ದೇಶದಲ್ಲಿಯೇ ಇದೆ.

1928ರ ಫೆಬ್ರವರಿಯಲ್ಲಿ ಕಲ್ಕತ್ತೆಯ ಭಾರತೀಯ ವಿಜ್ಞಾನ ಪ್ರವರ್ಧನ ಸಂಘದ ಕತ್ತಲೆಯ ಕೋಣೆಯಲ್ಲಿ ಚಂದ್ರಶೇಖರ ವೆಂಕಟರಾಮನ್ ಮತ್ತು ಅವರ ಸಹಾಯಕರಾದ ಕೆ. ಎಸ್. ಕೃಷ್ಣನ್ ಅವರು ನೋಡುತ್ತಿದ್ದದ್ದೂ ಅತಿ ಕ್ಷೀಣವಾದ ಬೆಳಕನ್ನೇ. ಮೊದಲು ನೋಡಿದ್ದೂ ಬರಿಗಣ್ಣಿನಿಂದಲೇ. ಹಾಗಾದರೆ ಭೇದವೆಲ್ಲಿ? ಅವರ ಏರ್ಪಾಡು ಹೀಗಿತ್ತು. ಸೂರ್ಯನ ಬೆಳಕನ್ನು ನೀಲಿನೇರಿಳೆಯ ಸೋಸುಗಾಜಿನಿಂದ ಹಾಯಿಸಿ ಶುದ್ಧವಾದ ದ್ರವದೊಳಕ್ಕೆ ಬಿಡುವುದು. ಆ ನೀಲಿಯನ್ನು ಪೂರ್ತಿಯಾಗಿ ತಡೆಯುವ ಹಳದಿಹಸುರಿನ ಇನ್ನೊಂದು ಸೋಸುಗಾಜನ್ನು ಮೊದಲನೆಯದರ ಜೊತೆಗೇ ಇರಿಸಿದರೆ ದ್ರವದಲ್ಲಿ ಏನೂ ಕಾಣಬಾರದು, ಕಾಣಲಿಲ್ಲ. ಎರಡನೆಯದನ್ನು ಅಲ್ಲಿಂದ ತೆಗೆದು ಕಣ್ಣಿನ ಮುಂದೆ ಹಿಡಿದಾಗಲೂ, ಬೆಳಕಿನ ಬಣ್ಣ ದ್ರವದಲ್ಲಿ ಬದಲಾಗದೆ ಇದ್ದರೆ, ಕತ್ತಲೆಯೇ ಇರಬೇಕು. ಆದರೆ ಬೆಳಕಿನ ಜಾಡು ಕಂಡಿತು. ಹೊಳಪು ಸ್ವಲ್ಪ ಹೆಚ್ಚಿತೆ ಕುಗ್ಗಿತೆ ಎಂಬ ಅಂದಾಜು ಇಲ್ಲಿಲ್ಲ. ಉಂಟೆ ಇಲ್ಲವೆ ಎಂಬುದೇ ಪ್ರಶ್ನೆ. ಇದು ದ್ರವದಲ್ಲಿಯ ಕಲ್ಮಷದ ಪ್ರತಿದೀಪ್ತಿಯಾಗಿರಬಹುದೆಂಬ ಆಕ್ಷೇಪವನ್ನು ಬೇರೆಯವರು ಎತ್ತುವ ಮೊದಲೇ ಅವರು ತಾವೇ ಎತ್ತಿ, ಸುಮಾರು ಅರವತ್ತು ದ್ರವಗಳನ್ನು ಪರೀಕ್ಷಿಸಿದರು. ಆ ಬೆಳಕು ಧ್ರುವೀಕೃತವಾಗಿರುವುದನ್ನೂ ತೋರಿಸಿದರು. ಅಲ್ಲಿಗೂ ನಿಲ್ಲಲಿಲ್ಲ. ಪಾದರಸದ ದೀಪವನ್ನೂ ರೋಹಿತಲೇಖಕವನ್ನೂ ಬಳಸಿದಾಗ ಹೊಸ ಗೆರೆಗಳು ಛಾಯಾಫಲಕದ ಮೇಲೆ ಮೂಡಿದವು. ಕಣ್ಣಿನ ಕೆಲಸ ಅಲ್ಲಿಗೆ ಮುಗಿಯಿತು. ಫಲಕವನ್ನು ಅಳೆಯುವವನು ಕಲ್ಕತ್ತೆಯವನಾಗಬೇಕಾಗಿಲ್ಲ. ಕಿರಣವನ್ನು ನಂಬಿದವನೂ ಆಗಬೇಕಾಗಿಲ್ಲ.

ಮಾರ್ಚ್ 16ರಂದು ಬೆಂಗಳೂರಿನಲ್ಲಿ ದಕ್ಷಿಣ ಭಾರತ ವಿಜ್ಞಾನ ಸಂಘದ ಮುಂದೆ ರಾಮನ್ ಅವರು ಈ ಹೊಸ ಬೆಳಕನ್ನು ಕುರಿತು ಉಪನ್ಯಾಸ ಮಾಡಿದರು. ಅದು ತಿಂಗಳೊಪ್ಪತ್ತಿನೊಳಗೆ ಅಚ್ಚಾಗಿ ಹಲವು ದೇಶಗಳ ವಿದ್ವಾಂಸರಿಗೆ ಹೋಯಿತು. ಮಾಸ್ಕೋದಲ್ಲಿ ಲಾಂಡ್ಸ್‌ಬರ್ಗ್ ಮತ್ತು ಮಂಡೆಲ್‌ಷ್ಟಾಮ್ ಅವರು, ಕಲ್ಕತ್ತೆಯ ಸುದ್ದಿ ತಿಳಿಯುವ ಮೊದಲೇ, ಸ್ಫಟಿಕಗಳಲ್ಲಿ ಇದೇ ಪರಿಣಾಮವನ್ನು ಕಂಡಿದ್ದರು. ನಮ್ಮ ವೃತ್ತಿಯ ಮಾತಿನಲ್ಲಿ ಹೇಳುವುದಾದರೆ, ಒಂದನ್ನೊಂದು ಅರಿಯದ ಎರಡು ಶಾಸನಗಳು ಒಂದೇ ಘಟನೆಯನ್ನು ಹೇಳಿದಂತೆ ಇದು. ಬರ್ಲಿನ್ನಿನಲ್ಲಿ ಪ್ರಿಂಗ್ಸ್‌ಹೈಮ್ ಅವರು ಪ್ರಯೋಗವನ್ನು ಮಾಡಿ ನೋಡಿ ಇದಕ್ಕೆ ರಾಮನ್ ಪರಿಣಾಮವೆಂದು ಹೆಸರಿಟ್ಟರು. ಅಮೆರಿಕದಿಂದ 'ನೇಚರ್' ಪತ್ರಿಕೆಗೆ ಒಂದು ತಂತಿ ಬಂದಿತು: ಈ ಶೋಧವನ್ನು ಎಲ್ಲ ವಿವರಗಳಲ್ಲಿಯೂ ಪರೀಕ್ಷಿಸಿ ಸರಿಯೆಂದು ಕಂಡೆನೆಂಬುದು ಅದರ ಅಭಿಪ್ರಾಯ. ಕಳುಹಿಸಿದವರು ಆರ್. ಡಬ್ಲ್ಯು. ವುಡ್. ಇಪ್ಪತ್ತನಾಲ್ಕು ವರ್ಷಗಳ ಹಿಂದೆ ನಾನ್ಸಿಯ ಕತ್ತಲೆಯಲ್ಲಿ ಅಶ್ರಗವನ್ನು ಎತ್ತಿಕೊಂಡವರೂ ಅವರೇ. ಪರಾಧೀನ ದೇಶವೊಂದರ ನಗರದಿಂದ ಬಂದ ವರದಿಯನ್ನು ಒಪ್ಪಿಕೊಳ್ಳಲು ಅವರಿಗೆ ಕೆಲವು ತಿಂಗಳು ಸಾಕಾಯಿತು. ಯೂರೋಪಿನ ಗಣ್ಯ ಪ್ರಾಧ್ಯಾಪಕರ ವರದಿಯನ್ನು ಅಲ್ಲಗಳೆಯಲು ಮೂರು ಗಂಟೆ ಸಾಕಾಗಿತ್ತು.

ಆದರೆ ಇದನ್ನು ಸರಿಯಾದವರ ಮತ್ತು ತಪ್ಪಿದವರ ಕಥೆಯಾಗಿ ತಿಳಿಯಬಾರದು. 1933ರಲ್ಲಿ ರಾಮನ್ ಅವರು ಭಾರತೀಯ ವಿಜ್ಞಾನ ಮಂದಿರದ ನಿರ್ದೇಶಕರಾಗಿ ಬೆಂಗಳೂರಿಗೆ ಬಂದರು. ಅವರ ಆಹ್ವಾನದ ಮೇರೆಗೆ ಜರ್ಮನಿಯಿಂದ ನಿರಾಶ್ರಿತರಾಗಿದ್ದ ಮ್ಯಾಕ್ಸ್ ಬಾರ್ನ್ ಅವರು 1935-36ರಲ್ಲಿ ಕೆಲವು ತಿಂಗಳು ಇಲ್ಲಿದ್ದರು. ಸ್ಫಟಿಕದ ಅಣುಗಳ ಕಂಪನಗಳು ಎಡೆಬಿಡದೆ ಹಬ್ಬಿರುತ್ತವೆಂಬುದು ಬಾರ್ನ್ ಅವರು 1912ರಿಂದ ಪ್ರತಿಪಾದಿಸಿದ ಸಿದ್ಧಾಂತ. 1940ರ ದಶಕದಲ್ಲಿ ರಾಮನ್ ಅವರು ಅದನ್ನು ಅಲ್ಲಗಳೆದು, ಗೊತ್ತಾದ ಕೆಲವೇ ಕಂಪನಸಂಖ್ಯೆಗಳು ಇರುತ್ತವೆಂದು ಸಾಧಿಸಹೊರಟರು. ಇಲ್ಲಿ ತಪ್ಪಿದವರು ರಾಮನ್. ಅವರಿಗೆ ನೊಬೆಲ್ ಬಹುಮಾನದ ಗೌರವವಿತ್ತು. ಅವರೇ 1934ರಲ್ಲಿ ಸ್ಥಾಪಿಸಿದ ಅಕಾಡೆಮಿಯ ಪತ್ರಿಕೆಯೂ ಇತ್ತು. ಕೊನೆಯವರೆಗೂ ಅವರು ತಮ್ಮ ಮತವನ್ನು ಬಿಡಲಿಲ್ಲ. ಹಟದಲ್ಲಿ ಬ್ಲೊಂಡ್ಲೊ ಅವರಿಗೂ ಇವರಿಗೂ ಹೆಚ್ಚಿನ ಅಂತರವಿಲ್ಲವೆನ್ನಬೇಕು. ಆದರೂ ರಾಮನ್ ಅವರ ಸಿದ್ಧಾಂತವನ್ನು ಶಾಸ್ತ್ರಾಭಾಸವೆಂದು ಕರೆಯಲಾಗದು. ವಜ್ರದ ರೋಹಿತದಲ್ಲಿ ಬಿಡಿಬಿಡಿಯಾದ ತೀಕ್ಷ್ಣ ಗೆರೆಗಳಿರಬೇಕೆಂದು ಅದು ಸ್ಪಷ್ಟವಾಗಿ ಮುಂದಾಗಿಯೇ ಹೇಳಿತ್ತು. ಇಲ್ಲದಿದ್ದರೆ ಸೋಲಬೇಕೆಂಬ ಪಣವನ್ನು ಅದು ತಾನೇ ಒಡ್ಡಿತ್ತು.

ಆ ಪಣ ಬೆಂಗಳೂರಿನ ಪ್ರಯೋಗಶಾಲೆಯಲ್ಲಿಯೇ ಪರೀಕ್ಷೆಗೆ ಬಂದಿತು. ಆರ್. ಎಸ್. ಕೃಷ್ಣನ್ ಅವರು ಪಾದರಸದ ಅತಿನೇರಿಳೆ ಬೆಳಕನ್ನು ಬಳಸಿ ವಜ್ರದ ಕ್ಷೀಣವಾದ ಎರಡನೆಯ ದರ್ಜೆಯ ರೋಹಿತವನ್ನು ಫಲಕಗಳ ಮೇಲೆ ಹಿಡಿದರು. ಅದರಲ್ಲಿ ಕಂಡ ಗೆರೆಗಳು ತಮ್ಮ ಪಕ್ಷಕ್ಕೆ ಸಾಕ್ಷಿಯೆಂದು ರಾಮನ್ ಅವರು ಭಾವಿಸಿದರು. ಎಡಿನ್‌ಬರೋದಲ್ಲಿ ಬಾರ್ನ್ ಅವರ ಶಿಷ್ಯೆ ಹೆಲೆನ್ ಸ್ಮಿತ್ ಅವರು ಬಾರ್ನ್ ಸಿದ್ಧಾಂತದಿಂದ ವಜ್ರದ ರೋಹಿತವನ್ನು ಗಣಿಸಿ 1948ರಲ್ಲಿ ಪ್ರಕಟಿಸಿದರು. ಎಡೆಬಿಡದ ಹರಹಿನಲ್ಲಿಯೂ ಅಂತಹ ಉಬ್ಬುಗಳು ಮೂಡಬಲ್ಲವೆಂದು ಅದರಿಂದ ತಿಳಿದುಬಂದಿತು. 1950ರ ದಶಕದಿಂದ ಕೆನಡದ ಚಾಕ್ ರಿವರಿನಲ್ಲಿ ಬ್ರಾಕ್‌ಹೌಸ್ ಅವರು ನ್ಯೂಟ್ರಾನುಗಳನ್ನು ಬಳಸಿ ಸ್ಫಟಿಕಗಳ ಕಂಪನಗಳನ್ನು ನೇರವಾಗಿ ಅಳೆದಾಗ ವಿವಾದ ಬಾರ್ನ್ ಅವರ ಪರವಾಗಿ ತೀರ್ಮಾನವಾಯಿತು. ಹೆಲೆನ್ ಸ್ಮಿತ್ ಅವರು ತಮ್ಮ ಗಣಿತವನ್ನು ಹೋಲಿಸಿ ನೋಡಿದ್ದು ಬೆಂಗಳೂರಿನಲ್ಲಿ ಕೃಷ್ಣನ್ ಅವರು ಪಡೆದ ರೋಹಿತದೊಡನೆಯೇ. ಅದನ್ನು ಅವರು ಎಲ್ಲಿಯೂ ಸಂದೇಹಿಸಬೇಕಾಗಿ ಬರಲಿಲ್ಲ.